ಅಕ್ಕಿ ಆರಿಸಿದ ಹಾಗೆ ಉತ್ತರ ಆರಿಸುವುದು



ಈ ಸಲದ ಗೋಡೆ ಪತ್ರಿಕೆಗೆ ಏಳನೇ ತರಗತಿಯವರು ಒಬ್ಬೊಬ್ಬರೂ ಏನಾದರೂ ಬರೆಯಲೇಬೇಕು ಎಂದು ಮೇಷ್ಟ್ರು ಹೇಳಿದರು. ನಾನು ಕತೆ ಬರೆಯೋಣ ಎಂದುಕೊಂಡೆ, ಕತೆ ಬರಲಿಲ್ಲ. ಕವನ ಬರೆಯೋಣ ಎಂದರೆ ಪ್ರಾಸ ಸಿಗಲಿಲ್ಲ. "ನಿನಗೆ ಆಗಿದ್ದನ್ನೇ ಬರಿಯೇ, ಅದಕ್ಕಿಂತ ಕತೆ ಬೇಕಾ" ಎಂದು ನಮ್ಮ ಟೀಚರ್ ಹೇಳಿದರು. ಆದ್ದರಿಂದ ನಾನು ನವೋದಯ ಪರೀಕ್ಷೆಯಲ್ಲಿ ಏನು ತಪ್ಪು ಮಾಡಿದೆ, ಆ ತಪ್ಪಿನಿಂದ ಏನು ಕಲಿತೆ, ಕಲಿತ ಮೇಲೂ ಇನ್ನೊಂದು ತಪ್ಪು ಹೇಗೆ ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ. ಓದಿ ನಗಬೇಡಿ. ನಕ್ಕರೂ ಜೋರಾಗಿ ನಗಬೇಡಿ.

ನವೋದಯ ವಿದ್ಯಾಲಯ ಎಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ ಎಂದು ನಿಮಗೆಲ್ಲ ಗೊತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಮುಖ್ಯವಾಗಿ ಹಳ್ಳಿ ಮಕ್ಕಳಿಗೋಸ್ಕರ ಶುರುವಾದ ಶಾಲೆಗಳು ಅವು. ನೂರಕ್ಕೆ 75 ಸೀಟಾದರೂ ಹಳ್ಳಿ ಮಕ್ಕಳಿಗೇ ಇರುತ್ತವೆ. ಆರನೇ ತರಗತಿಗೆ ಒಂದು ವಿದ್ಯಾಲಯದಲ್ಲಿ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಊಟ, ವಸತಿ, ಪುಸ್ತಕ ಯಾವುದಕ್ಕೂ ಆಗ ದುಡ್ಡು ಕೊಡಬೇಕಾಗಿಲ್ಲ. ನಾವು ಐದನೇ ತರಗತಿಯಲ್ಲಿದ್ದಾಗ ಆ ಪರೀಕ್ಷೆ ಬರೆಯಬೇಕು. ಅದೂ ಒಂದೇ ಸಲ. ಎರಡನೇ ಸಲ ಬರೆಯುವ ಹಾಗಿಲ್ಲ.

ನಾನು ಬರೆದದ್ದು 2024ರ ಜನವರಿಯಲ್ಲಿ. ಒಟ್ಟು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ, ಮಾನಸಿಕ ಸಾಮರ್ಥ್ಯದ್ದು. ಅದಕ್ಕೆ ಒಂದು ಗಂಟೆ ಸಮಯ, 50 ಅಂಕ. ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ಆ 40 ಪ್ರಶ್ನೆಯಲ್ಲಿ ಓದೋಕೆ ಏನೂ ಇರೋದಿಲ್ಲ, ಬರೀ ಚಿತ್ರ. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಿಸಿ ತೂತು ಮಾಡಿ ಬಿಚ್ಚಿದರೆ ತೂತು ಎಲ್ಲಿರುತ್ತದೆ, ತುಂಡಾದ ಚೌಕಕ್ಕೆ ಯಾವ ತುಂಡು ಸೇರುತ್ತದೆ, ಹೀಗೆ. ಪ್ರತಿಯೊಂದಕ್ಕೂ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ ಕೊಟ್ಟಿರುತ್ತಾರೆ. ನಾವು ಒಂದನ್ನು ಆರಿಸಿ, ಬೇರೆ ಹಾಳೆಯಲ್ಲಿರುವ ಗೋಲವನ್ನು ಪೆನ್ನಿನಿಂದ ತುಂಬಬೇಕು.

ಪರೀಕ್ಷೆಯ ದಿನ ಅಪ್ಪ ಕೂಲಿ ಬಿಟ್ಟು ನನ್ನನ್ನು ಬೆಳಗಿನ ಬಸ್ಸಿಗೆ ಕರೆದುಕೊಂಡು ಹೋದರು. ಮೊದಮೊದಲು ಎಲ್ಲ ಚೆನ್ನಾಗೇ ಹೋಯಿತು. ಕಾಗದ ಮಡಿಸುವ ಪ್ರಶ್ನೆ ಬಂತು ನೋಡಿ, ಅಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಕಣ್ಣು ಮುಚ್ಚಿಕೊಂಡು ತಲೆಯೊಳಗೇ ಕಾಗದ ಮಡಿಸುತ್ತೇನೆ, ಬಿಚ್ಚುತ್ತೇನೆ, ಅಷ್ಟರಲ್ಲಿ ತೂತು ಎಲ್ಲಿತ್ತು ಎನ್ನುವುದೇ ಮರೆತುಹೋಗುತ್ತದೆ. ಮತ್ತೆ ಮೊದಲಿಂದ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಸಿಗಬೇಕಾದ ಕಡೆ ನಾನು ಆ ಒಂದಕ್ಕೇ ಆರೇಳು ನಿಮಿಷ ಕಳೆದೆ. ಕೊನೆಗೆ ಮಾನಸಿಕ ಸಾಮರ್ಥ್ಯದಲ್ಲಿ 8 ಪ್ರಶ್ನೆ ಖಾಲಿ ಉಳಿದವು. ಗಂಟೆ ಹೊಡೆಯೋಕೆ ಮುಂಚೆ ಏನಾದರೂ ತುಂಬಬಹುದಿತ್ತು. ತಪ್ಪು ಉತ್ತರಕ್ಕೆ ಆ ಪರೀಕ್ಷೆಯಲ್ಲಿ ಅಂಕ ಕಳೆಯುವುದಿಲ್ಲ. ಆದರೂ ನಾನು ತುಂಬಲಿಲ್ಲ.

ಯಾಕೆ ಎಂದರೆ ನಮ್ಮ ತಾತ ಹೇಳುತ್ತಿದ್ದರು: "ಗೊತ್ತಿಲ್ಲದೆ ಇರೋದನ್ನ ಗೊತ್ತು ಅನ್ನೋ ಹಂಗೆ ಬರೀಬಾರದು ಕಣವ್ವ, ಅದು ಸುಳ್ಳು ಹೇಳಿದ ಹಂಗೆ." ನನಗೂ ಅದೇ ಸರಿ ಅನ್ನಿಸಿತ್ತು. ಆಚೆ ಬಂದಾಗ ಅಪ್ಪ "ಹೆಂಗಾಯ್ತವ್ವ" ಎಂದು ಕೇಳಿದರು. "ಚೆನ್ನಾಗಾಯ್ತು" ಎಂದೆ. ಅದು ಮಾತ್ರ ನಿಜವಾದ ಸುಳ್ಳು.

ನನ್ನ ನಂಬರು ಬರಲಿಲ್ಲ. ಅಪ್ಪ ಬಯ್ಯಲಿಲ್ಲ. "ಹೋಗ್ಲಿ ಬಿಡು, ನಮ್ಮೂರ ಇಸ್ಕೂಲು ಎಲ್ಲೂ ಹೋಗಿಲ್ಲ" ಎಂದರು. ಬೈದಿದ್ದರೇ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ಆ 8 ತುಂಬಿದ್ದರೆ ಸೀಟು ಸಿಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಖಾಲಿ ಗೋಲಗಳು ಎಷ್ಟೋ ದಿನ ನನ್ನ ಕಣ್ಣ ಮುಂದೆ ಬರುತ್ತಿದ್ದವು.

ಆರನೇ ತರಗತಿಯಲ್ಲಿ ಒಂದು ದಿನ ಇದನ್ನೆಲ್ಲ ಗಣಿತದ ಮೇಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಜ್ಜಿ ಮನೇಲಿ ಅಕ್ಕಿ ಆರಿಸ್ತಾರಾ?" ಎಂದು ಕೇಳಿದರು.

"ಹೂಂ ಸಾರ್, ದಿನಾ ಆರಿಸ್ತಾರೆ."

"ಮೊರದಿಂದ ಏನನ್ನ ಆರಿಸಿ ತೆಗೀತಾರೆ?"

ನಾನು "ಅಕ್ಕಿ" ಎಂದೆ. ಎಲ್ಲರೂ ನಕ್ಕರು. ಆಮೇಲೆ ನನಗೇ ಹೊಳೆಯಿತು. ಅಕ್ಕಿ ಆರಿಸೋದು ಅಂತ ಹೇಳ್ತೀವಿ, ಆದರೆ ಆರಿಸಿ ತೆಗೆಯೋದು ಕಲ್ಲನ್ನ, ನೆಲ್ಲನ್ನ, ಹುಳುವನ್ನ. ಅಕ್ಕಿ ಮೊರದಲ್ಲೇ ಉಳಿಯುತ್ತದೆ. ಯಾರೂ ಒಂದೊಂದೇ ಅಕ್ಕಿಕಾಳು ಹಿಡಿದು "ಇದು ಅಕ್ಕಿ ಹೌದು, ಇದು ಅಕ್ಕಿ ಹೌದು" ಎಂದು ನೋಡುತ್ತಾ ಕೂರುವುದಿಲ್ಲ. ಹಾಗೆ ಕೂತರೆ ರಾತ್ರಿಯಾದರೂ ಅನ್ನ ಆಗುವುದಿಲ್ಲ.

"ಉತ್ತರಾನೂ ಹಂಗೇ. ಸರಿ ಯಾವುದು ಅಂತ ಹುಡುಕ್ತಾ ಕೂತ್ಕೋಬೇಡ. ತಪ್ಪು ಯಾವುದು ಅಂತ ನೋಡಿ ತೆಗಿ. ಉಳಿದಿದ್ದು ಉತ್ತರ" ಎಂದರು ಮೇಷ್ಟ್ರು. ಆವತ್ತಿನಿಂದ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನಮಗೆ ಇದನ್ನು ಹೇಳಿಕೊಡಲು ಶುರು ಮಾಡಿದರು. ಅವರು ಹೇಳಿಕೊಟ್ಟಿದ್ದರಲ್ಲಿ ನನಗೆ ಚೆನ್ನಾಗಿ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಕನ್ನಡಿ. ಕನ್ನಡಿಯನ್ನು ಚಿತ್ರದ ಪಕ್ಕದಲ್ಲಿ ನಿಲ್ಲಿಸಿದರೆ ಎಡ ಬಲ ಅದಲು ಬದಲಾಗುತ್ತದೆ. ಮೇಲೆ ಇದ್ದದ್ದು ಮೇಲೆಯೇ, ಕೆಳಗೆ ಇದ್ದದ್ದು ಕೆಳಗೆಯೇ ಇರುತ್ತದೆ. ನೀವು ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ನಿಮ್ಮ ತಲೆ ಕೆಳಗೆ ಹೋಗಿದ್ದನ್ನು ಎಂದಾದರೂ ನೋಡಿದ್ದೀರಾ? ಇಲ್ಲ. ಆದ್ದರಿಂದ ಕನ್ನಡಿ ಪ್ರಶ್ನೆಯಲ್ಲಿ ಯಾವ ಉತ್ತರದ ತಲೆ ಕೆಳಗಾಗಿದೆಯೋ ಅದನ್ನು ಮೊದಲು ಹೊಡೆದು ಹಾಕಬೇಕು. ಏನೂ ಬದಲಾಗದೆ ಹಾಗೇ ಇರುವ ಚಿತ್ರವನ್ನೂ ಹೊಡೆಯಬೇಕು, ಆದರೆ ಎಡ ಬಲ ಎರಡೂ ಒಂದೇ ಥರ ಇರುವ ಚಿತ್ರವಾದರೆ ಹೊಡೆಯಬಾರದು. ಕೆರೆ ನೀರಿನಲ್ಲಿ ಕಾಣುವ ನೆರಳು ಇದಕ್ಕೆ ಉಲ್ಟಾ. ಅಲ್ಲಿ ಮರದ ತುದಿ ಕೆಳಗೆ ಬರುತ್ತದೆ, ಎಡಗಡೆ ಕೊಂಬೆ ಎಡಗಡೆಯೇ ಇರುತ್ತದೆ. ಗಡಿಯಾರವನ್ನು ಕನ್ನಡಿಯಲ್ಲಿ ನೋಡಿದರೆ 12 ಮತ್ತು 6 ತಮ್ಮ ಜಾಗದಲ್ಲೇ ಇರುತ್ತವೆ, 3 ಇದ್ದ ಕಡೆ 9 ಬರುತ್ತದೆ. ಆಂಬುಲೆನ್ಸ್ ಗಾಡಿಯ ಮುಂದೆ ಅಕ್ಷರ ಉಲ್ಟಾ ಬರೆದಿರುವುದು ಯಾಕೆ ಎಂದು ಆವತ್ತೇ ನನಗೆ ಗೊತ್ತಾಯಿತು. ಮುಂದೆ ಹೋಗುವ ಗಾಡಿಯ ಡ್ರೈವರು ತನ್ನ ಕನ್ನಡಿಯಲ್ಲಿ ನೋಡಿದರೆ ಅದು ನೆಟ್ಟಗೆ ಕಾಣುತ್ತದೆ, ಅವನು ದಾರಿ ಬಿಡುತ್ತಾನೆ.

ಎರಡನೆಯದು ಚಪ್ಪಲಿ. ಗುಂಪಿಗೆ ಸೇರದ ಚಿತ್ರ ಹುಡುಕುವಾಗ ನಾಲ್ಕೂ ಒಂದೇ ಥರ ಕಾಣುತ್ತವೆ, ಒಂದೊಂದು ಒಂದೊಂದು ಕಡೆ ತಿರುಗಿರುತ್ತವೆ ಅಷ್ಟೇ. ಆಗ ಮೇಷ್ಟ್ರು ಬಾಗಿಲಲ್ಲಿ ಬಿಟ್ಟಿದ್ದ ನಮ್ಮ ಚಪ್ಪಲಿಗಳಲ್ಲಿ ಮೂರು ಎಡಗಾಲಿನದು, ಒಂದು ಬಲಗಾಲಿನದು ತಂದು ನೆಲದ ಮೇಲೆ ಅಡ್ಡಾದಿಡ್ಡಿ ಇಟ್ಟರು. "ಕೈಲಿ ಎತ್ತದೆ ನೆಲದ ಮೇಲೇ ತಿರುಗಿಸಿ ನೋಡಿ, ಎಡಗಾಲಿಂದು ಬಲಗಾಲಿಂದು ಆಗುತ್ತಾ?" ಎಂದರು. ಎಷ್ಟು ತಿರುಗಿಸಿದರೂ ಆಗುವುದಿಲ್ಲ. ತಿರುಗಿಸುವುದು ಬೇರೆ, ಕನ್ನಡಿಯಲ್ಲಿ ನೋಡುವುದು ಬೇರೆ. ಯಾವ ಮೂರು ಬರೀ ತಿರುಗಿಸಿದರೆ ಒಂದೇ ಆಗುತ್ತವೋ ಅವನ್ನು ಹೊಡೆದರೆ, ಉಳಿದ ಬಲಗಾಲಿನ ಚಪ್ಪಲಿಯೇ ಉತ್ತರ.

ಮೂರನೆಯದು ದಾಳ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಹಾವು ಏಣಿ ಆಟದ ದಾಳಕ್ಕೆ ಆರು ಮುಖ. ಒಂದು ಸಲಕ್ಕೆ ನಮಗೆ ಹೆಚ್ಚೆಂದರೆ ಮೂರು ಮುಖ ಕಾಣುತ್ತವೆ. ಎದುರು ಬದುರು ಇರುವ ಎರಡು ಮುಖಗಳು ಒಟ್ಟಿಗೆ ಕಾಣುವುದೇ ಇಲ್ಲ, ನಮ್ಮ ಹೊಟ್ಟೆ ಮತ್ತು ಬೆನ್ನು ಒಟ್ಟಿಗೆ ಕಾಣದ ಹಾಗೆ. ಈಗ ಪ್ರಶ್ನೆ ನೋಡಿ. ಒಂದೇ ದಾಳದ ಎರಡು ಚಿತ್ರ ಕೊಟ್ಟಿದ್ದಾರೆ. ಮೊದಲನೆಯದರಲ್ಲಿ 1, 2, 3 ಕಾಣುತ್ತವೆ. ಎರಡನೆಯದರಲ್ಲಿ 1, 4, 5 ಕಾಣುತ್ತವೆ. 1ರ ಎದುರು ಯಾವುದು? 2 ಅಲ್ಲ, 3 ಅಲ್ಲ, ಯಾಕೆಂದರೆ ಅವು 1ರ ಪಕ್ಕದಲ್ಲಿ ಕಂಡವು. 4 ಅಲ್ಲ, 5 ಅಲ್ಲ. ಉಳಿದದ್ದು 6. ನೋಡಿ, 6 ಎರಡು ಚಿತ್ರದಲ್ಲೂ ಕಾಣಲೇ ಇಲ್ಲ! ಕಾಣದೇ ಇದ್ದದ್ದನ್ನು ನಾವು ಕಂಡುಹಿಡಿದೆವು, ಬರೀ ಕಲ್ಲು ಆರಿಸಿ.

ಬಿಚ್ಚಿದ ಪೆಟ್ಟಿಗೆಯ ಪ್ರಶ್ನೆಯೂ ಹೀಗೇ. ರಟ್ಟಿನ ಮೇಲೆ ಒಂದರ ಕೆಳಗೆ ಒಂದರಂತೆ ಅ, ಆ, ಇ, ಈ ಎಂದು ನಾಲ್ಕು ಚೌಕ, ಆ ಎಂಬ ಚೌಕದ ಎಡಕ್ಕೆ ಉ, ಬಲಕ್ಕೆ ಊ. ಮಡಿಸಿದರೆ ಪೆಟ್ಟಿಗೆಯಾಗುತ್ತದೆ. ಸಾಲಿನಲ್ಲಿ ಒಂದು ಬಿಟ್ಟು ಒಂದು ಎದುರು ಬದುರು ಬರುತ್ತವೆ. ಅಂದರೆ ಅ ಎದುರಿಗೆ ಇ, ಆ ಎದುರಿಗೆ ಈ. ಉಳಿದ ಉ ಎದುರಿಗೆ ಊ. ಉತ್ತರಗಳಲ್ಲಿ ಎ ಪೆಟ್ಟಿಗೆಯಲ್ಲಿ ಅ, ಆ, ಇ ಕಾಣುತ್ತಿವೆ. ಅ ಮತ್ತು ಇ ಒಟ್ಟಿಗೆ ಕಾಣಬಾರದು, ಹೊಡಿ. ಬಿ ಪೆಟ್ಟಿಗೆಯಲ್ಲಿ ಆ, ಈ, ಉ. ಹೊಡಿ. ಸಿ ಪೆಟ್ಟಿಗೆಯಲ್ಲಿ ಅ, ಉ, ಊ. ಹೊಡಿ. ಡಿಯಲ್ಲಿ ಆ, ಇ, ಊ. ಇದೇ ಉತ್ತರ. ತಲೆಯೊಳಗೆ ಪೆಟ್ಟಿಗೆ ಮಡಿಸಲೇ ಇಲ್ಲ. ಇಪ್ಪತ್ತು ಸೆಕೆಂಡೂ ಆಗಲಿಲ್ಲ. ಎಲ್ಲ ಪ್ರಶ್ನೆಯೂ ಇಷ್ಟು ಸುಲಭ ಇರುವುದಿಲ್ಲ, ಒಮ್ಮೊಮ್ಮೆ ಎರಡು ಉಳಿದುಬಿಡುತ್ತವೆ. ಆಗ ಆ ಎರಡರಲ್ಲಿ ಏನು ವ್ಯತ್ಯಾಸ ಎಂದು ಅಷ್ಟನ್ನೇ ನೋಡಬೇಕು.

ಆದರೆ ನನ್ನ ಮನಸ್ಸಿನಲ್ಲಿ ತಾತನ ಮಾತು ಇನ್ನೂ ಇತ್ತು. ಒಂದು ಶನಿವಾರ ಎದ್ದು ನಿಂತು ಕೇಳಿಯೇಬಿಟ್ಟೆ. "ಸಾರ್, ಎರಡು ಹೊಡೆದ ಮೇಲೆ ಉಳಿದ ಎರಡರಲ್ಲಿ ಯಾವುದು ಅಂತ ಗೊತ್ತಾಗದೇ ಇದ್ರೆ? ಆಗ ಒಂದನ್ನ ತುಂಬಿದ್ರೆ ಸುಳ್ಳಲ್ವಾ?"

ಮೇಷ್ಟ್ರು ಉತ್ತರ ಹೇಳಲಿಲ್ಲ. ಒಂದು ಹಾಳೆಯಲ್ಲಿ ನಮಗೆ ಕಾಣದ ಹಾಗೆ 20 ಉತ್ತರ ಬರೆದುಕೊಂಡರು. ಎ, ಬಿ, ಸಿ, ಡಿ ಅಷ್ಟೇ, ಪ್ರಶ್ನೆಯೇ ಇಲ್ಲ. "ನಿಮಗೆ ತೋಚಿದ್ದು ಬರೀರಿ" ಎಂದರು. ಆವತ್ತು ನಾವು 26 ಮಕ್ಕಳಿದ್ದೆವು. ನನ್ನದು 4 ಸರಿಯಾಯಿತು. ನನ್ನ ಪಕ್ಕದವಳದು 7. ಹಿಂದಿನ ಬೆಂಚಿನ ಒಬ್ಬನದು 2. ಎಲ್ಲರದ್ದೂ ಕೂಡಿದರೆ 133. ನಾವು ಸರಾಸರಿ ಪಾಠ ಮಾಡಿದ್ದೆವಲ್ಲ, 26ರಿಂದ ಭಾಗಿಸಿದರೆ 5ಕ್ಕಿಂತ ಸ್ವಲ್ಪ ಜಾಸ್ತಿ. ಆಮೇಲೆ ಬೇರೆ 20 ಉತ್ತರ ಬರೆದುಕೊಂಡು, ಒಂದೊಂದಕ್ಕೂ ತಪ್ಪಾದ ಎರಡನ್ನು ಅವರೇ ಹೇಳಿಬಿಟ್ಟರು. ಉಳಿದ ಎರಡರಲ್ಲಿ ನಾವು ಒಂದು ಬರೆಯಬೇಕು. ಈ ಸಲ ಎಲ್ಲರದ್ದೂ ಕೂಡಿದರೆ 257. ಸರಾಸರಿ ಹತ್ತಕ್ಕೆ ಸ್ವಲ್ಪ ಕಡಿಮೆ.

ನಾಲ್ಕರಲ್ಲಿ ಒಂದು ಎಂದರೆ 20ಕ್ಕೆ 5. ಎರಡರಲ್ಲಿ ಒಂದು ಎಂದರೆ 20ಕ್ಕೆ 10. ಒಬ್ಬೊಬ್ಬರದು ಹೆಚ್ಚು ಕಡಿಮೆ ಆಗುತ್ತದೆ, ಎಲ್ಲರದ್ದೂ ಸೇರಿಸಿದರೆ ಲೆಕ್ಕಕ್ಕೆ ಹತ್ತಿರ ಬರುತ್ತದೆ. ಇದು ಸಂಭವನೀಯತೆ ಎಂದು ಮೇಷ್ಟ್ರು ಹೇಳಿದರು. ನಾನು ಸುಮ್ಮನೆ ನನ್ನ 8 ಖಾಲಿ ಗೋಲಗಳ ಲೆಕ್ಕ ಹಾಕಿದೆ. ಕಣ್ಣು ಮುಚ್ಚಿ ತುಂಬಿದ್ದರೂ 2 ಸರಿಯಾಗಬಹುದಿತ್ತು, ಎರಡೂವರೆ ಅಂಕ. ಎರಡೆರಡು ತಪ್ಪು ಹೊಡೆದು ತುಂಬಿದ್ದರೆ 4 ಸರಿ, 5 ಅಂಕ.

"ಈಗ ನಿನ್ನ ಪ್ರಶ್ನೆಗೆ ಬಾ" ಎಂದರು ಮೇಷ್ಟ್ರು. "ಪ್ರತಿಯೊಂದು ಹೊಡೆಯುವಾಗಲೂ ಯಾಕೆ ಹೊಡೆದೆ ಅಂತ ಹೇಳೋಕೆ ಬಂದ್ರೆ ಅದು ವಿದ್ಯೆ. ಹೇಳೋಕೆ ಬರದೇ ಇದ್ರೆ ಅದು ಲಾಟರಿ. ಪರೀಕ್ಷೆಯಲ್ಲಿ ಲಾಟರಿನೂ ಎತ್ತು, ಅಲ್ಲಿ ಅದಕ್ಕೆ ಅಂಕ ಕಳೆಯೋಲ್ಲ. ಆದರೆ ಮನೆಗೆ ಬಂದ ಮೇಲೆ ಯಾವುದು ವಿದ್ಯೆ, ಯಾವುದು ಲಾಟರಿ ಅಂತ ನಿನಗೆ ಗೊತ್ತಿರಬೇಕು. ಲಾಟರಿ ಹೊಡೆದಿದ್ದನ್ನ ವಿದ್ಯೆ ಅಂದುಕೊಂಡರೆ, ನಿಮ್ಮ ತಾತ ಹೇಳಿದ ಸುಳ್ಳು ಅದು."

ಸಂಜೆ ತಾತನಿಗೆ ಇದನ್ನು ಹೇಳಿದೆ. ಅವರು ಬೀಡಿ ಆರಿಸಿ, "ನಿಮ್ಮ ಮೇಷ್ಟ್ರು ಬುದ್ಧಿವಂತ್ರು" ಎಂದರು. ಅಷ್ಟಕ್ಕೇ ನನಗೆ ಬಹಳ ಸಮಾಧಾನವಾಯಿತು.

ಇನ್ನು ನನ್ನ ಎರಡನೇ ತಪ್ಪಿನ ವಿಷಯ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನನ್ನ ತಮ್ಮ ಐದನೇ ತರಗತಿಗೆ ಬಂದ. ಅವನೂ ನವೋದಯ ಪರೀಕ್ಷೆಗೆ ಅರ್ಜಿ ಹಾಕಿದ. "ನಿಮ್ಮಕ್ಕನ ಹತ್ರ ಹೇಳಿಸ್ಕೊ" ಎಂದರು ಅಪ್ಪ. ನನಗೆ ಒಳಗೊಳಗೇ ಹೆಮ್ಮೆ. ದಿನಾ ರಾತ್ರಿ ಊಟವಾದ ಮೇಲೆ ಪಾಠ. ಕನ್ನಡಿ, ಚಪ್ಪಲಿ, ದಾಳ ಎಲ್ಲ ಹೇಳಿಕೊಟ್ಟೆ. ಕಾಗದ ಮಡಿಸುವುದಕ್ಕೆ ಒಂದು ಸೂತ್ರ ಮಾಡಿಕೊಟ್ಟೆ. ಒಂದು ಮಡಿಕೆಗೆ 2 ತೂತು, ಎರಡು ಮಡಿಕೆಗೆ 4 ತೂತು, ಮೂರು ಮಡಿಕೆಗೆ 8 ತೂತು. ತೂತಿನ ಲೆಕ್ಕ ತಪ್ಪಿದ ಉತ್ತರವನ್ನು ನೋಡಿದ ಕೂಡಲೇ ಹೊಡೆದುಬಿಡು ಎಂದೆ.

ಉದಾಹರಣೆಗೆ ಚೌಕದ ಕಾಗದವನ್ನು ಎಡದಿಂದ ಬಲಕ್ಕೆ ಅರ್ಧಕ್ಕೆ ಮಡಿಸಿ, ಮತ್ತೆ ಮೇಲಿಂದ ಕೆಳಕ್ಕೆ ಅರ್ಧಕ್ಕೆ ಮಡಿಸಿ, ಕೆಳಗಿನ ಬಲ ಮೂಲೆಯಲ್ಲಿ ಒಂದು ತೂತು ಮಾಡುತ್ತಾರೆ. ಎ ಉತ್ತರದಲ್ಲಿ 2 ತೂತು, ಡಿಯಲ್ಲಿ 3 ತೂತು. ಎರಡನ್ನೂ ಹೊಡಿ. ಬಿ ಮತ್ತು ಸಿಯಲ್ಲಿ 4 ತೂತು ಇವೆ. ಬಿಯಲ್ಲಿ ನಾಲ್ಕು ಮೂಲೆಗೆ ಒಂದೊಂದು, ಸಿಯಲ್ಲಿ ನಾಲ್ಕೂ ನಡುವೆ ಗುಂಪಾಗಿ. ನಾವು ತೂತು ಮಾಡಿದ್ದು ಮಡಿಕೆಯಿಂದ ದೂರ, ಕಾಗದದ ಅಂಚಿನ ಹತ್ತಿರ. ಹಾಗಾದರೆ ಬಿಚ್ಚಿದಾಗಲೂ ನಡುವಿನಿಂದ ದೂರವೇ ಇರಬೇಕು. ಸಿ ಹೋಯಿತು, ಬಿ ಉಳಿಯಿತು. ಹೀಗೆ ಹತ್ತಾರು ಪ್ರಶ್ನೆ ಮಾಡಿಸಿದೆ, ಎಲ್ಲ ಸರಿ ಬಂದವು.

ಶಾಲೆಯಲ್ಲಿ ಒಂದು ಅಭ್ಯಾಸ ಪರೀಕ್ಷೆ ಇಟ್ಟರು. ಅದರಲ್ಲಿ ಕಾಗದ ಮಡಿಸುವ ನಾಲ್ಕು ಪ್ರಶ್ನೆಯಲ್ಲಿ ತಮ್ಮನಿಗೆ ಎರಡು ತಪ್ಪಾದವು. ಅಮ್ಮನ ಮುಂದೆ ನಾನು "ನಾನು ಅಷ್ಟು ಹೇಳ್ಕೊಟ್ರೂ ಇವನು ಗಮನವಿಟ್ಟು ನೋಡೋಲ್ಲ" ಎಂದುಬಿಟ್ಟೆ. ಅಮ್ಮ ಅವನಿಗೆ ಬೈದರು. ಅವನು "ಅಕ್ಕ ಹೇಳಿದಂಗೇ ಮಾಡಿದ್ದು" ಎಂದು ಅಳುತ್ತಾ ಊಟ ಮಾಡದೆ ಮಲಗಿದ.

ನನಗೆ ನಿದ್ದೆ ಬರಲಿಲ್ಲ. ಎದ್ದು ಪ್ರಶ್ನೆ ಪತ್ರಿಕೆ ತೆಗೆದು, ನೋಟ್‌ಬುಕ್ಕಿನ ಹಾಳೆ ಹರಿದು, ಚಿತ್ರದಲ್ಲಿದ್ದ ಹಾಗೇ ಮಡಿಸಿದೆ. ಮೊದಲನೆಯದರಲ್ಲಿ ಕಾಗದದ ಮೇಲಿನ ಬಲ ಮೂಲೆಯನ್ನು ಮಾತ್ರ ಒಳಕ್ಕೆ ಮಡಿಸಿದ್ದರು. ತೂತು ಮಾಡಿದ್ದು ಕೆಳಗಿನ ಎಡಗಡೆ. ಅಲ್ಲಿ ಮಡಿಕೆಯೇ ಇಲ್ಲ! ಪಿನ್ನು ಚುಚ್ಚಿ ಬಿಚ್ಚಿದರೆ ಒಂದೇ ತೂತು. ಎರಡನೆಯದರಲ್ಲಿ ಮಡಿಕೆಯ ಅಂಚಿನ ಮೇಲೆಯೇ ಅರ್ಧ ಗೋಲ ಕತ್ತರಿಸಿದ್ದರು. ಬಿಚ್ಚಿದರೆ ಎರಡು ಅರ್ಧಗಳು ಸೇರಿ ಒಂದೇ ಪೂರ್ತಿ ಗೋಲ. ಎರಡರಲ್ಲೂ ತಮ್ಮ ಒಂದು ತೂತಿನ ಉತ್ತರವನ್ನೇ ಎಲ್ಲಕ್ಕಿಂತ ಮೊದಲು ಹೊಡೆದು ಹಾಕಿದ್ದ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕಾರಣವನ್ನೂ ಬರೆದಿದ್ದ: "ಒಂದು ಮಡಿಕೆ, 2 ತೂತು, ಅಕ್ಕ".

ಅದನ್ನು ನೋಡಿ ನನಗೆ ಅಳು ಬಂತು. ತಪ್ಪು ಅವನದಲ್ಲ, ಸೂತ್ರದ್ದು. ಸೂತ್ರ ನನ್ನದು. ಕಲ್ಲು ತೆಗೆಯುವ ಅವಸರದಲ್ಲಿ ನಾನು ಅವನ ಕೈಯಲ್ಲಿ ಅಕ್ಕಿಯನ್ನೇ ತೆಗೆಸಿದ್ದೆ. ಉತ್ತರ ಗೊತ್ತಿಲ್ಲದೆ ಖಾಲಿ ಬಿಟ್ಟರೆ ಒಂದು ನಷ್ಟ. ಸರಿ ಉತ್ತರವನ್ನೇ ತಪ್ಪು ಎಂದು ಹೊಡೆದರೆ, ಉಳಿದ ಮೂರರಲ್ಲಿ ಎಷ್ಟು ಯೋಚಿಸಿದರೂ ಏನು ಬಂತು?

ಬೆಳಿಗ್ಗೆ ಅಜ್ಜಿ ಮೊರ ಹಿಡಿದು ಕೂತಿದ್ದರು. ತಮ್ಮನನ್ನು ಕರೆದು ಅಮ್ಮನ ಮುಂದೆಯೇ "ನಂದೇ ತಪ್ಪು ಕಣೋ, ನಾನೇ ಸರಿಯಾಗಿ ಹೇಳ್ಕೊಟ್ಟಿರಲಿಲ್ಲ" ಎಂದೆ. ಹೇಳುವಾಗ ಗಂಟಲು ಕಟ್ಟಿತು. ಅವನು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಹಂಗಾದ್ರೆ ನನ್ನ ಬ್ಯಾಗು ಇವತ್ತು ನೀನೇ ಹೊತ್ಕೊಂಡು ಬಾ" ಎಂದ. ಹೊತ್ತುಕೊಂಡು ಬಂದೆ. ಅಜ್ಜಿ ಮಾತ್ರ ತಲೆ ಎತ್ತದೆ ಹೇಳಿದರು: "ಬೆಳ್ಳಗಿರೋ ಕಲ್ಲೂ ಇರ್ತದೆ, ಕರ್‍ರಗಿರೋ ಅಕ್ಕೀನೂ ಇರ್ತದೆ. ಬಣ್ಣ ನೋಡಿ ಬಿಸಾಕಬಾರದು, ಬೆರಳಲ್ಲಿ ಮುಟ್ಟಿ ನೋಡ್ಬೇಕು."

ಮೇಷ್ಟ್ರಿಗೆ ಎಲ್ಲ ಹೇಳಿದಾಗ ಅವರು ನನ್ನ ಸೂತ್ರವನ್ನು ತಿದ್ದಿದರು. "ಮಡಿಕೆ ಎಣಿಸಬೇಡ. ತೂತು ಮಾಡಿದ ಜಾಗದಲ್ಲಿ ಎಷ್ಟು ಪದರ ಇದೆ ಎಣಿಸು. ಪದರ ಒಂದಿದ್ರೆ ತೂತು ಒಂದು, ನಾಲ್ಕಿದ್ರೆ ನಾಲ್ಕು. ಅಂಚಿನ ಮೇಲೆ ಕತ್ತರಿಸಿದ್ರೆ ಎರಡು ಅರ್ಧ ಸೇರಿ ಒಂದಾಗ್ತವೆ." ಎಷ್ಟು ಸುಲಭ ನೋಡಿ. ನಾನು ಯಾಕೆ ಎಂದು ತಿಳಿಯದೆ ಬರೀ ಲೆಕ್ಕ ಬಾಯಿಪಾಠ ಮಾಡಿದ್ದೆ. ಎರಡು ತೂತು ಯಾಕೆ ಬರುತ್ತವೆ ಎಂದು ಒಂದು ಸಲ ಕೇಳಿಕೊಂಡಿದ್ದರೆ, ಪದರದ ವಿಷಯ ಆವತ್ತೇ ಹೊಳೆಯುತ್ತಿತ್ತು.

ಅಲ್ಲಿಂದ ಮುಂದೆ ನಾವಿಬ್ಬರೂ ಒಂದು ನಿಯಮ ಮಾಡಿಕೊಂಡೆವು. ಪ್ರಶ್ನೆ ಮಾಡುವಾಗ ಕಾಗದ ಮುಟ್ಟುವ ಹಾಗಿಲ್ಲ, ಹೊಡೆದು ಹೊಡೆದೇ ಉತ್ತರಕ್ಕೆ ಬರಬೇಕು. ಉತ್ತರ ಬರೆದ ಮೇಲೆ ಮಾತ್ರ ನಿಜವಾದ ಕಾಗದ ಮಡಿಸಿ, ತೂತು ಮಾಡಿ, ಬಿಚ್ಚಿ ನೋಡಬೇಕು. ಪೆಟ್ಟಿಗೆಗೆ ಹಳೇ ಲಗ್ನಪತ್ರಿಕೆಯ ರಟ್ಟು, ಕನ್ನಡಿಗೆ ಅಪ್ಪ ಗಡ್ಡ ಮಾಡಿಕೊಳ್ಳುವ ಕನ್ನಡಿ. ಹೀಗೆ ಬಿಚ್ಚಿ ನೋಡಿ ನೋಡಿ ಒಂದು ಆಶ್ಚರ್ಯವಾಯಿತು. ಮೊದಲು ತಲೆಯೊಳಗೆ ಮಡಿಸೋಕೆ ಬಾರದೇ ಇದ್ದ ಕಾಗದ ಈಗ ಸ್ವಲ್ಪ ಸ್ವಲ್ಪ ಮಡಿಸೋಕೆ ಬರುತ್ತಿದೆ. ನಮ್ಮ ಮನೆಯ ಹಟ್ಟಿ ತುಂಬ ತೂತು ಕಾಗದ ಬಿದ್ದು ಅಮ್ಮನ ಹತ್ತಿರ ಬೈಸಿಕೊಂಡದ್ದು ಬೇರೆ ವಿಷಯ.

2025ರ ಡಿಸೆಂಬರ್‌ನಲ್ಲಿ ತಮ್ಮ ಪರೀಕ್ಷೆ ಬರೆದ. ಅಪ್ಪನ ಜೊತೆ ನಾನೂ ಹೋಗಿದ್ದೆ. ಗೇಟಿನ ಹೊರಗೆ ಹುಣಿಸೆ ಮರದ ಕೆಳಗೆ ಎರಡು ಗಂಟೆ ಕೂತಿದ್ದೆವು. ನನ್ನ ಪರೀಕ್ಷೆಗಿಂತ ಅವನ ಪರೀಕ್ಷೆಗೇ ನನಗೆ ಹೆಚ್ಚು ಹೆದರಿಕೆಯಾಗಿತ್ತು. ಆಚೆ ಬಂದಾಗ ಅಪ್ಪ "ಹೆಂಗಾಯ್ತೋ" ಎಂದರು. ಅವನು ನನ್ನ ಮುಖ ನೋಡಿ ಹೇಳಿದ: "ಅಕ್ಕ, ಒಂದೂ ಖಾಲಿ ಬಿಟ್ಟಿಲ್ಲ. ಮೂರು ಮಾತ್ರ ಲಾಟರಿ. ಮಿಕ್ಕಿದ್ದಕ್ಕೆಲ್ಲ ಕಾರಣ ಹೇಳ್ತೀನಿ, ಕೇಳು." ಬಸ್ಸಿನಲ್ಲಿ ಊರು ಬರುವವರೆಗೂ ಹೇಳುತ್ತಲೇ ಇದ್ದ. ಅಪ್ಪನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಹೂಂ ಹೂಂ ಎಂದು ಪೂರ್ತಿ ಕೇಳಿಸಿಕೊಂಡರು.

ನಂಬರು ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಅವನು ಆವತ್ತು ಸುಳ್ಳು ಹೇಳಬೇಕಾಗಿ ಬರಲಿಲ್ಲ, ನನಗೆ ಅಷ್ಟೇ ಸಾಕು.

ಗೆಳೆಯರೇ, ಎಂಟನೇ ತರಗತಿಯಲ್ಲಿ ನಮಗೆಲ್ಲ ಎನ್‌ಎಂಎಂಎಸ್ ಪರೀಕ್ಷೆ ಇರುತ್ತದೆ. 2008ರಲ್ಲಿ ಶುರುವಾದ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಅದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಕೊಡುತ್ತಾರೆ. ಅದರಲ್ಲೂ 90 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದೇ. ಅಲ್ಲಿಯೂ ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಯಾರೂ ನನ್ನ ಹಾಗೆ ಖಾಲಿ ಬಿಡಬೇಡಿ. ನನ್ನ ಹಾಗೆ ಅವಸರದಲ್ಲಿ ಅಕ್ಕಿಯನ್ನೂ ಬಿಸಾಡಬೇಡಿ.

ಕೊನೆಗೆ ನಿಮಗೊಂದು ಪ್ರಶ್ನೆ. ಕನ್ನಡಿಯಲ್ಲಿ ನೋಡಿದರೆ ಗೋಡೆ ಗಡಿಯಾರ 8 ಗಂಟೆ 25 ನಿಮಿಷ ತೋರಿಸುತ್ತಿದೆ. ನಿಜವಾದ ಸಮಯ ಎಷ್ಟು?

ಎ) 3 ಗಂಟೆ 35 ನಿಮಿಷ
ಬಿ) 4 ಗಂಟೆ 35 ನಿಮಿಷ
ಸಿ) 3 ಗಂಟೆ 25 ನಿಮಿಷ
ಡಿ) 8 ಗಂಟೆ 35 ನಿಮಿಷ

ಬರೀ ಉತ್ತರ ಬರೆದು ಕೊಟ್ಟರೆ ಸಾಲದು. ಉಳಿದ ಮೂರನ್ನು ಯಾಕೆ ಹೊಡೆದಿರಿ ಎಂದು ಒಂದೊಂದು ಸಾಲು ಬರೆದು ಏಳನೇ ತರಗತಿಯ ಕಿಟಕಿಯಲ್ಲಿರುವ ಡಬ್ಬಿಗೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ. ನನ್ನ ಬರಹದಲ್ಲಿ ತಪ್ಪಿದ್ದರೆ ಗುರುಗಳು ಕ್ಷಮಿಸಿ ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ